ಖುಷಿಗೂ ಹೋಂವರ್ಕ್ ಇದೆಯಂತೆ

ಬಡ್ತಿ ಸಿಕ್ಕ ಖುಷಿ ನನಗೆ ದಸರಾವರೆಗೂ ಬಾಳಲಿಲ್ಲ. ಆರ್ಡರ್ ಬಂದದ್ದು ಶ್ರಾವಣದಲ್ಲಿ. ಆಫೀಸಿನಲ್ಲಿ ಮೈಸೂರು ಪಾಕ್ ಹಂಚಿದೆ, ಮನೆಯಲ್ಲಿ ಒಬ್ಬಟ್ಟು ಆಯಿತು, ಸಂಬಳವೂ ಸ್ವಲ್ಪ ಏರಿತು. ಜಂಬೂಸವಾರಿ ಹೊತ್ತಿಗೆ ನೋಡಿದರೆ ಮತ್ತೆ ಅದೇ ಮುಖ, ಅದೇ ಗೊಣಗಾಟ. ಬೆಂಗಳೂರಿನಲ್ಲಿರುವ ಮಗಳು ಒಂದು ದಿನ ಫೋನಿನಲ್ಲಿ ಕೇಳಿಯೇಬಿಟ್ಟಳು: "ಅಮ್ಮಾ, ನಿನಗೆ ಏನು ಕಡಿಮೆಯಾಗಿದೆ ಹೇಳು?" ಎಷ್ಟು ಯೋಚಿಸಿದರೂ ಏನೂ ಹೊಳೆಯಲಿಲ್ಲ. ಮಂಡ್ಯದಲ್ಲಿ ಸ್ವಂತ ಮನೆ, ಮೈಸೂರಿನ ಯಾದವಗಿರಿ ಕಡೆ ಲೆಕ್ಕಪತ್ರದ ಕೆಲಸ, ಕೈಯಲ್ಲಿ ಟ್ರೈನ್ ಪಾಸು, ಗಂಡ ಮಕ್ಕಳು ಎಲ್ಲ ಸರಿಯಾಗಿದ್ದಾರೆ. ಆದರೂ ಭಾನುವಾರ ಸಂಜೆ ಆದರೆ ಸಾಕು, ಎದೆ ಭಾರ.

ಮಗಳು ಒಂದು ಲಿಂಕ್ ಕಳಿಸಿದಳು. ಖುಷಿಯಾಗಿರುವುದು ಹೇಗೆ ಅನ್ನುವ ಬಗ್ಗೆ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರದ ಪ್ರೊಫೆಸರ್ ಲಾರಿ ಸ್ಯಾಂಟೋಸ್ ಅವರ ಪಾಠ. 2018ರಲ್ಲಿ ಇದನ್ನು ಕಾಲೇಜಿನಲ್ಲಿ ಶುರು ಮಾಡಿದಾಗ ಸುಮಾರು 1,200 ಹುಡುಗರು ಸೇರಿಕೊಂಡಿದ್ದರು. ಅಲ್ಲಿಯ ಪದವಿ ವಿದ್ಯಾರ್ಥಿಗಳಲ್ಲಿ ಹತ್ತಿರ ಹತ್ತಿರ ನಾಲ್ವರಲ್ಲಿ ಒಬ್ಬರು! ಅಂಥ ದೊಡ್ಡ ಕಾಲೇಜು ಸೇರಿದ ಮಕ್ಕಳಿಗೂ ಖುಷಿ ಸಾಲದೆ ಕ್ಲಾಸಿಗೆ ಬಂದರಲ್ಲ ಅನ್ನುವುದೇ ನನಗೆ ಮೊದಲ ಸಮಾಧಾನ. ಆಮೇಲೆ ಅದೇ ಪಾಠವನ್ನು ಕೋರ್ಸೆರಾ ಅನ್ನುವ ಆನ್‌ಲೈನ್ ಪಾಠದ ತಾಣದಲ್ಲಿ ಯಾರು ಬೇಕಾದರೂ ಪುಕ್ಕಟೆ ನೋಡುವಂತೆ ಹಾಕಿದರು. ನಾನು ನೋಡಿದ್ದು ರಾತ್ರಿ ಪಾತ್ರೆ ತೊಳೆದಾದ ಮೇಲೆ, ವಿಡಿಯೋ ಕೆಳಗೆ ಬರುವ ಅಕ್ಷರಗಳನ್ನು ಓದಿಕೊಳ್ಳುತ್ತಾ, ಅಲ್ಲಲ್ಲಿ ನಿಲ್ಲಿಸಿ ಮಗಳನ್ನು ಕೇಳುತ್ತಾ.

"ಪಾಸಿಟಿವ್ ಆಗಿ ಯೋಚಿಸಿ" ಅನ್ನುವ ಭಾಷಣ ಇರಬಹುದು ಅಂತ ಅಂದುಕೊಂಡಿದ್ದೆ. ಅಂಥವನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಈ ವಿಷಯ ಹಾಗಿರಲಿಲ್ಲ. ಮಾರ್ಟಿನ್ ಸೆಲಿಗ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 1960ರ ದಶಕದಲ್ಲಿ ನಾಯಿಗಳ ಮೇಲೆ ಪ್ರಯೋಗ ಮಾಡಿದವರು. ಏನೇ ಮಾಡಿದರೂ ಶಾಕ್ ತಪ್ಪುವುದಿಲ್ಲ ಅಂತ ಕಂಡುಕೊಂಡ ನಾಯಿ, ಆಮೇಲೆ ತಪ್ಪಿಸಿಕೊಳ್ಳುವ ದಾರಿ ಇದ್ದರೂ ಸುಮ್ಮನೆ ಬಿದ್ದುಕೊಳ್ಳುತ್ತದೆ. ಕೈಚೆಲ್ಲಿ ಕೂರುವುದೂ ಕಲಿತ ಅಭ್ಯಾಸವೇ ಅನ್ನುವುದು ಅಲ್ಲಿಂದ ಹೊರಟ ಮಾತು. ಅದೇ ಸೆಲಿಗ್‌ಮನ್ 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘದ ಅಧ್ಯಕ್ಷರಾಗಿದ್ದಾಗ ಒಂದು ಪ್ರಶ್ನೆ ಎತ್ತಿದರು. ನಾವು ಕಾಯಿಲೆಯನ್ನೇ ನೋಡುತ್ತಾ ಬಂದಿದ್ದೇವೆ, ಚೆನ್ನಾಗಿ ಬದುಕುವವರು ಹೇಗೆ ಬದುಕುತ್ತಾರೆ ಅಂತ ಯಾರು ನೋಡಿದರು? ಪಾಸಿಟಿವ್ ಸೈಕಾಲಜಿ ಅನ್ನುವ ಶಾಖೆ ಬೆಳೆದದ್ದು ಅಲ್ಲಿಂದ.

ನಮ್ಮಲ್ಲಿ ಮನಶ್ಶಾಸ್ತ್ರ ಅಂದರೆ ಈಗಲೂ "ಯಾರಿಗೆ ತಲೆ ಕೆಟ್ಟಿದೆ?" ಅಂತಲೇ ಕೇಳುತ್ತಾರೆ ಅಲ್ವಾ. ನಾನು ದಿನಾ ಹಾದುಹೋಗುವ ಯಾದವಗಿರಿಯ ಆಕಾಶವಾಣಿಗೆ ಬೇರು ಹಾಕಿದವರೇ ಒಬ್ಬ ಮನಶ್ಶಾಸ್ತ್ರದ ಮೇಷ್ಟ್ರು. ಮಹಾರಾಜ ಕಾಲೇಜಿನ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿ ಅನ್ನುವ ಹೆಸರಲ್ಲಿ ರೇಡಿಯೋ ಶುರು ಮಾಡಿದರು. ಮನಸ್ಸಿನ ಶಾಸ್ತ್ರ ಓದಿದವರು ಊರಿಗೆ ಹಾಡು ಕೇಳಿಸಿದರು. ಈ ಕಥೆ ನನಗೆ ಯಾಕೋ ತುಂಬಾ ಹಿಡಿಸಿತು.

ಪಾಠದಲ್ಲಿ ನನ್ನ ಬಡ್ತಿ ಕಥೆಗೂ ಉತ್ತರ ಸಿಕ್ಕಿತು. 1978ರಲ್ಲಿ ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರು ಇಲಿನಾಯ್‌ನಲ್ಲಿ ದೊಡ್ಡ ಲಾಟರಿ ಹೊಡೆದ 22 ಜನರನ್ನು ಮಾತಾಡಿಸಿದರು. ಲಾಟರಿ ಹೊಡೆಯದ ಸಾಮಾನ್ಯ ಜನರಿಗಿಂತ ಅವರು ಹೇಳಿಕೊಳ್ಳುವಷ್ಟು ಹೆಚ್ಚು ಖುಷಿಯಾಗಿರಲಿಲ್ಲ. ಸ್ನೇಹಿತರ ಜೊತೆ ಮಾತು, ತಿಂಡಿ ತಿನ್ನುವುದು ಇಂಥ ಸಣ್ಣಪುಟ್ಟ ಸುಖದಲ್ಲಂತೂ ಅವರಿಗೆ ರುಚಿ ಕಡಿಮೆಯೇ ಆಗಿತ್ತು. ಮನಸ್ಸು ಎಲ್ಲದಕ್ಕೂ ಒಗ್ಗಿಕೊಳ್ಳುತ್ತದೆ. ಕೋಟಿ ಹೊಡೆದವರೇ ಒಗ್ಗಿಕೊಂಡ ಮೇಲೆ ನನ್ನ ಇನ್‌ಕ್ರಿಮೆಂಟ್ ಯಾವ ಲೆಕ್ಕ?

ಆದರೆ ಇದೆಲ್ಲ ಗೊತ್ತಾದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ ಅಂತ ಪಾಠದಲ್ಲಿ ಸ್ಯಾಂಟೋಸ್ ಮೊದಲೇ ಹೇಳಿಬಿಡುತ್ತಾರೆ. ಅದಕ್ಕೇ ಪ್ರತಿ ವಾರ ಹೋಂವರ್ಕ್.

ಶುರುವಿಗೆ ಅಳತೆ. ಎಡ್ ಡೀನರ್ 1985ರಲ್ಲಿ ಸಂಗಡಿಗರ ಜೊತೆ ಮಾಡಿದ ಒಂದು ಪ್ರಶ್ನಾವಳಿ ಸಿಕ್ಕಿತು. ಐದೇ ವಾಕ್ಯ. ನನ್ನ ಬದುಕು ಬಹುಮಟ್ಟಿಗೆ ನಾನು ಬಯಸಿದಂತೆ ಇದೆ, ಇಂಥವು. ಒಂದೊಂದಕ್ಕೂ 1ರಿಂದ 7ರವರೆಗೆ ಅಂಕ ಕೊಟ್ಟು ಕೂಡಬೇಕು. 20 ಅಂದರೆ ಅತ್ತಲೂ ಇಲ್ಲ ಇತ್ತಲೂ ಇಲ್ಲ. ನನಗೆ ಬಂದದ್ದು 19. ಯಜಮಾನರಿಗೂ ಪೆನ್ನು ಕೊಟ್ಟೆ. ಅವರಿಗೆ 31! "ಅಷ್ಟೊಂದು ಹೇಗ್ರೀ?" ಅಂದರೆ, "ನೀನು ಪಕ್ಕದಲ್ಲೇ ಕೂತು ನೋಡ್ತಿದ್ರೆ ಇನ್ನೆಷ್ಟು ಬರೆಯೋದು?" ಅಂದರು. ಇಂಥ ಪ್ರಶ್ನಾವಳಿಗಳ ದೊಡ್ಡ ಕುಂದನ್ನು ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ಹೇಳಿಕೊಟ್ಟಿಲ್ಲ.

ಮೊದಲ ಹೋಂವರ್ಕ್ ಪುಸ್ತಕದ್ದು. ರಾತ್ರಿ ಮಲಗುವ ಮುಂಚೆ ಅವತ್ತು ಚೆನ್ನಾಗಿ ನಡೆದ ಮೂರು ವಿಷಯ ಬರೆಯಬೇಕು. ಪಕ್ಕದಲ್ಲಿ, ಅದು ಯಾಕೆ ಚೆನ್ನಾಗಿ ನಡೆಯಿತು ಅಂತಲೂ ಬರೆಯಬೇಕು. ಸೆಲಿಗ್‌ಮನ್ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಟರ್ನೆಟ್ ಮೂಲಕ ಸೇರಿದ 577 ಜನರಿಗೆ ಬೇರೆ ಬೇರೆ ಅಭ್ಯಾಸ ಕೊಟ್ಟಿದ್ದರು. ಒಂದು ಗುಂಪಿಗೆ ಸುಮ್ಮನೆ ಬಾಲ್ಯದ ನೆನಪು ಬರೆಯಿರಿ ಅಂದಿದ್ದರು, ಹೋಲಿಸಿ ನೋಡುವುದಕ್ಕೆ. ಮೂರು ವಿಷಯ ಬರೆದವರಲ್ಲಿ ಫಲ ಆರು ತಿಂಗಳವರೆಗೂ ಕಂಡಿತು, ಅದರಲ್ಲೂ ವಾರ ಮುಗಿದ ಮೇಲೂ ಬಿಡದೆ ಬರೆದವರಿಗೆ ಜಾಸ್ತಿ.

ನನ್ನ ಮೊದಲ ಪುಟ ನೋಡಿದರೆ ನಗು ಬರುತ್ತದೆ. ಕಾಫಿ ಚೆನ್ನಾಗಿತ್ತು. ರೈಲು ಟೈಮಿಗೆ ಬಂತು. ಕೂರಲು ಸೀಟು ಸಿಕ್ಕಿತು. ಇಷ್ಟು ಬರೆಯುವುದು ಸುಲಭ. ತಲೆ ಕೆರೆದುಕೊಂಡದ್ದು "ಯಾಕೆ" ಅನ್ನುವ ಜಾಗದಲ್ಲಿ. ಸೀಟು ಯಾಕೆ ಸಿಕ್ಕಿತು? ಮದ್ದೂರಿನಲ್ಲಿ ಹತ್ತುವ ಗೆಳತಿ ಪಕ್ಕದ ಸೀಟಿಗೆ ಟವಲ್ ಹಾಕಿ, ಹನಕೆರೆಯಿಂದ ಮಂಡ್ಯದವರೆಗೂ ಬಂದವರ ಹತ್ತಿರವೆಲ್ಲ "ಜನ ಇದ್ದಾರೆ" ಅಂತ ಹೇಳಿಕೊಂಡು, ಅವರ ಮಾತೂ ಕೇಳಿಕೊಂಡು ಕಾಯ್ದಿಟ್ಟಿದ್ದಳು. ಕಾಫಿ ಯಾಕೆ ಚೆನ್ನಾಗಿತ್ತು? ಹಾಲಿನವನು ಬರುವುದು ತಡವಾದ್ದರಿಂದ ಎದುರುಮನೆಯವರು ಅರ್ಧ ಲೀಟರ್ ಕೊಟ್ಟಿದ್ದರು. ಪುಟ ತಿರುಗಿಸಿದಂತೆಲ್ಲ ಯಾಕೆ ಅನ್ನುವ ಕಡೆ ಬರೀ ಜನರ ಹೆಸರೇ. ನನ್ನ ಸ್ವಂತ ಸಾಮರ್ಥ್ಯದಿಂದ ಚೆನ್ನಾಗಿ ನಡೆದದ್ದು ತೀರಾ ಕಡಿಮೆ ಅಂತ ತಿಳಿದು ಸ್ವಲ್ಪ ಪೆಚ್ಚೂ ಆಯಿತು.

ಬರಬರುತ್ತಾ ಪುಸ್ತಕ ಸಪ್ಪೆಯಾಯಿತು. ದಿನಾ ಕಾಫಿ, ದಿನಾ ಸೀಟು. ಇದನ್ನೂ ಒಬ್ಬರು ಅಳೆದಿದ್ದಾರೆ. ಸೋನ್ಯಾ ಲ್ಯುಬೊಮಿರ್ಸ್ಕಿ ಅನ್ನುವ ಸಂಶೋಧಕಿ ನೋಡಿದಾಗ, ಕೃತಜ್ಞತೆಯ ಪಟ್ಟಿಯನ್ನು ವಾರಕ್ಕೆ ಒಮ್ಮೆ ಬರೆದವರಿಗೆ ಉಪಯೋಗವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ನಾನೂ ಭಾನುವಾರಕ್ಕೆ ಇಳಿಸಿದೆ. ಭಾನುವಾರದ ಎದೆಭಾರಕ್ಕೂ ಒಂದು ಕೆಲಸ ಸಿಕ್ಕಂತಾಯಿತು.

ನನಗೆ ಆಶ್ಚರ್ಯ ತಂದದ್ದು ಇನ್ನೊಂದು. ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ (ಈ ಹೆಸರನ್ನು ಬಾಯಿಗೆ ತಂದುಕೊಳ್ಳುವುದೇ ಒಂದು ಹೋಂವರ್ಕ್) ಜನರಿಗೆ ಪೇಜರ್ ಕೊಟ್ಟು, ಅದು ಕೂಗಿದಾಗೆಲ್ಲ ಈಗ ಏನು ಮಾಡುತ್ತಿದ್ದೀರಿ, ಹೇಗನ್ನಿಸುತ್ತಿದೆ ಅಂತ ಬರೆಸಿದರು. ಕೆಲಸ ತೀರಾ ಸುಲಭವೂ ಆಗಿರಬಾರದು, ಕೈಮೀರಿಯೂ ಹೋಗಬಾರದು. ಆಗ ಮೈಮರೆತು ಮುಳುಗುತ್ತೇವೆ, ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಅದನ್ನು ಅವರು ಫ್ಲೋ ಅಂದರು. 1989ರ ಒಂದು ಅಧ್ಯಯನದಲ್ಲಿ ವಿಚಿತ್ರ ಕಂಡಿತು. ಜನ ಹೀಗೆ ಮುಳುಗುವುದು ಬಿಡುವಿನ ಹೊತ್ತಿಗಿಂತ ಕೆಲಸದಲ್ಲೇ ಹೆಚ್ಚು, ಆದರೂ ಕೆಲಸದಲ್ಲಿದ್ದಾಗ "ಇದು ಬಿಟ್ಟು ಬೇರೆಲ್ಲಾದರೂ ಇರಬೇಕಿತ್ತು" ಅನ್ನುತ್ತಾರೆ. ನಾನು ನನ್ನನ್ನೇ ಗಮನಿಸಿದೆ. ಮಾರ್ಚ್ ಕೊನೆಯಲ್ಲಿ ಬ್ಯಾಂಕಿನ ಸ್ಟೇಟ್‌ಮೆಂಟಿಗೂ ನಮ್ಮ ಪುಸ್ತಕಕ್ಕೂ ತಾಳೆ ನೋಡುವಾಗ ಎಲ್ಲೋ 450 ರೂಪಾಯಿ ವ್ಯತ್ಯಾಸ ಬಂದರೆ ಅದು ಸಿಗುವವರೆಗೂ ನನಗೆ ಊಟ ನೆನಪಾಗುವುದಿಲ್ಲ. ಒಂದು ವೋಚರ್‌ನಲ್ಲಿ 945 ಇದ್ದದ್ದು 495 ಅಂತ ಏರಿದೆ ಅಂತ ಕಂಡ ಕ್ಷಣದ ಸುಖ, ಸಂಜೆ ಎರಡು ಗಂಟೆ ಟಿವಿ ಮುಂದೆ ಕೂತರೂ ಬರುವುದಿಲ್ಲ. ಇಷ್ಟು ವರ್ಷ ಇದನ್ನೇ "ದರಿದ್ರ ಮಾರ್ಚ್" ಅಂತ ಬೈದುಕೊಂಡು ಮಾಡಿದ್ದೆನಲ್ಲ ಅನ್ನಿಸಿತು. ಈಗಲೂ ಬೈಯುತ್ತೇನೆ, ಅದು ಬೇರೆ.

ರೈಲಿನ ಹೋಂವರ್ಕ್ ನನ್ನ ಮೆಚ್ಚಿನದು. ನಿಕೊಲಸ್ ಎಪ್ಲಿ ಮತ್ತು ಜೂಲಿಯಾನ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಶಿಕಾಗೋದಲ್ಲಿ ದಿನಾ ಓಡಾಡುವವರಲ್ಲಿ ಕೆಲವರಿಗೆ ಪಕ್ಕದ ಅಪರಿಚಿತರ ಜೊತೆ ಮಾತಾಡಿ ಅಂದರು, ಕೆಲವರಿಗೆ ಒಬ್ಬರೇ ಸುಮ್ಮನಿರಿ ಅಂದರು, ಉಳಿದವರಿಗೆ ಎಂದಿನಂತಿರಿ ಅಂದರು. ಮೊದಲೇ ಕೇಳಿದಾಗ ಜನ, ಮಾತಾಡುವುದೇ ಹಿಂಸೆ ಅಂದಿದ್ದರು. ನಿಜವಾಗಿ ಮಾತಾಡಿದವರಿಗೇ ಪ್ರಯಾಣ ಹೆಚ್ಚು ಹಿತವಾಗಿತ್ತು. ಇದನ್ನು ಕೇಳಿ ನಾನು ನಕ್ಕೆ. ಮಂಡ್ಯ ಪ್ಯಾಸೆಂಜರ್‌ನಲ್ಲಿ ಒಂದು ಕಾಲಕ್ಕೆ ಮಾತಾಡದೆ ಕೂರುವುದೇ ಸಾಧ್ಯವಿರಲಿಲ್ಲ. ಯಲಿಯೂರು ಬರುವಷ್ಟರಲ್ಲಿ ಯಾವ ಊರು, ಯಾರ ಮಗಳು ಅಂತ ಕೇಳಿಯಾಗುತ್ತಿತ್ತು, ಪಾಂಡವಪುರಕ್ಕೆ ಮದುವೆ ಸಂಬಂಧ ಹೇಳುತ್ತಿದ್ದರು. ಈಗ ಬೋಗಿ ತುಂಬ ಇಯರ್‌ಫೋನ್. ನನ್ನ ಗೆಳತಿಯೂ ಟವಲ್ ಹಾಕಿ ಸೀಟು ಹಿಡಿದು ಆಮೇಲೆ ಧಾರಾವಾಹಿಯೊಳಗೆ ಹೋಗಿಬಿಡುತ್ತಾಳೆ. ಶಿಕಾಗೋ ನಮ್ಮಲ್ಲಿಗೇ ಬಂದಿದೆ.

ಧೈರ್ಯ ಮಾಡಿ ಮೊದಲು ಮಾತಾಡಿಸಿದ್ದು ಹೂವಿನ ಗಂಟು ಇಟ್ಟುಕೊಂಡು ಬಾಗಿಲ ಹತ್ತಿರ ಕೂತಿದ್ದ ಹೆಂಗಸನ್ನು. ದಿನಾ ನೋಡುತ್ತಿದ್ದ ಮುಖವೇ. "ಆಷಾಢ ಬಂತಲ್ಲ, ಮದುವೆ ಇಲ್ಲ, ಹೂವಿಗೆ ಗಿರಾಕಿ ಕಡಿಮೆಯಾ?" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮದುವೆ ಇಲ್ದಿದ್ರೆ ಏನಂತೆ ಅಕ್ಕಾ, ಬೆಟ್ಟದಮ್ಮ ಇಲ್ವಾ?" ಅಂದಳು. ಆಷಾಢ ಶುಕ್ರವಾರ ಚಾಮುಂಡಿಬೆಟ್ಟಕ್ಕೆ ಜನ ಮುಗಿಬೀಳುತ್ತಾರೆ. ಗುರುವಾರವೇ ದೇವರಾಜ ಮಾರುಕಟ್ಟೆಯಲ್ಲಿ ಮಾರಿನ ಬೆಲೆ ಏರುತ್ತದೆ, ಶನಿವಾರ ಇಳಿದುಬಿಡುತ್ತದೆ. ಅದಕ್ಕೇ ಅವಳು ಬುಧವಾರ ರಾತ್ರಿ ಕಟ್ಟಲು ಕೂರುತ್ತಾಳೆ, ಸೊಸೆ ದಾರ ಹಿಡಿಯುತ್ತಾಳೆ, ಮಗ ಹಿಡಿಯುವುದಿಲ್ಲ. ಮಗನ ವಿಷಯ ಶ್ರೀರಂಗಪಟ್ಟಣ ದಾಟಿ ನಾಗನಹಳ್ಳಿವರೆಗೂ ನಡೆಯಿತು. ಅವತ್ತು ಆಫೀಸಿಗೆ ನಾನು ಬೇರೆಯದೇ ಹುರುಪಿನಲ್ಲಿ ಹೋದೆ, ಅಷ್ಟು ನಿಜ. ಎಲ್ಲರೂ ಹೀಗೆ ಸಿಗುವುದಿಲ್ಲ. ಒಬ್ಬ ಹುಡುಗನನ್ನು ಮಾತಾಡಿಸಿದರೆ, ಸೀಟು ಬಿಡು ಅನ್ನುತ್ತಿದ್ದೇನೆ ಅಂತ ತಿಳಿದು ಎದ್ದೇ ನಿಂತ.

ದಯೆಯ ಹೋಂವರ್ಕ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಂದೇ ದಿನದಲ್ಲಿ ಐದು ಉಪಕಾರ ಮಾಡಿದರೆ, ವಾರಕ್ಕೆಲ್ಲ ಹಂಚಿ ಮಾಡುವುದಕ್ಕಿಂತ ಮನಸ್ಸಿಗೆ ನಾಟುತ್ತದೆ ಅಂತ ಅದೇ ಲ್ಯುಬೊಮಿರ್ಸ್ಕಿ ತಂಡ ಕಂಡುಕೊಂಡಿತ್ತು. ನಾನೂ ಒಂದು ದಿನ ಹೊರಟೆ. ಟೀ ಅಂಗಡಿಯಲ್ಲಿ ಪಕ್ಕದವರ ಟೀಗೂ ದುಡ್ಡು ಕೊಟ್ಟೆ. "ಎಲೆಕ್ಷನ್‌ಗೆ ನಿಲ್ತಿದ್ದೀರಾ ಮೇಡಂ?" ಅಂದರು. ಮಂಡ್ಯದಲ್ಲಿ ಈ ಪ್ರಯೋಗ ಕಷ್ಟ.

ಇಷ್ಟೆಲ್ಲ ಮಾಡುವಾಗಲೂ ನನ್ನೊಳಗಿನ ಲೆಕ್ಕದವಳು ಸುಮ್ಮನಿರಲಿಲ್ಲ. ಈ ಶಾಖೆಯಲ್ಲೇ ಒಂದು ದೊಡ್ಡ ಎಡವಟ್ಟು ಆಗಿದೆ. 2005ರಲ್ಲಿ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಮಾರ್ಷಿಯಲ್ ಲೊಸಾಡಾ ಒಂದು ಸಂಖ್ಯೆ ಕೊಟ್ಟರು. ಒಂದು ಕೆಟ್ಟ ಭಾವಕ್ಕೆ 2.9013ಕ್ಕಿಂತ ಹೆಚ್ಚು ಒಳ್ಳೆಯ ಭಾವ ಇದ್ದರೆ ಬದುಕು ಅರಳುತ್ತದೆ ಅಂತ. ನಗುವಿಗೆ ನಾಲ್ಕು ದಶಮಾಂಶ ಸ್ಥಾನ! ನಮ್ಮ ಆಡಿಟರ್ ಕೂಡ ಎರಡಕ್ಕೇ ಬಿಡುತ್ತಾರೆ. ನಿಕ್ ಬ್ರೌನ್ ಅನ್ನುವ, ಐವತ್ತರ ಆಸುಪಾಸಿನಲ್ಲಿ ಸ್ನಾತಕೋತ್ತರ ಕೋರ್ಸಿಗೆ ಸೇರಿದ ಒಬ್ಬ ವಿದ್ಯಾರ್ಥಿಗೆ ಇದು ಸರಿಕಾಣಲಿಲ್ಲ. ಭೌತಶಾಸ್ತ್ರಜ್ಞ ಅಲನ್ ಸೋಕಲ್ ಮತ್ತು ಹ್ಯಾರಿಸ್ ಫ್ರೀಡ್‌ಮನ್ ಜೊತೆ ಸೇರಿ 2013ರಲ್ಲಿ ಆ ಗಣಿತಕ್ಕೆ ತಳಬುಡ ಇಲ್ಲ ಅಂತ ತೋರಿಸಿದ. ಆ ಭಾಗವನ್ನು ವಾಪಸ್ ತೆಗೆದುಕೊಂಡರು. ಇದನ್ನು ಓದಿದ ಮೇಲೆ ನನಗೆ ಈ ಶಾಸ್ತ್ರದ ಮೇಲೆ ನಂಬಿಕೆ ಸ್ವಲ್ಪ ಜಾಸ್ತಿಯೇ ಆಯಿತು. ತಪ್ಪು ಲೆಕ್ಕ ಹೊರಗೆ ಬರುತ್ತದಲ್ಲ.

ಇನ್ನೊಂದು ಮಾತು. ಕಬ್ಬಿನ ಬಿಲ್ಲು ಬಾರದೆ ಕೂತಿರುವ ರೈತನ ಮುಂದೆ ಹೋಗಿ "ಮೂರು ಒಳ್ಳೆಯ ವಿಷಯ ಬರಿ" ಅಂದರೆ ಅವನು ಅದೇ ಕಬ್ಬಿನಲ್ಲಿ ಬಾರಿಸಬೇಕು. ಅವನಿಗೆ ಬೇಕಾದ್ದು ಬಿಲ್ಲು. ಹಾಗೆಯೇ, ವಾರಗಟ್ಟಲೆ ನಿದ್ದೆ ಬಾರದೆ, ಊಟ ಸೇರದೆ, ಬದುಕೇ ಬೇಡ ಅನ್ನಿಸುವವರಿಗೆ ಇದು ಮದ್ದಲ್ಲ. ಅವರು ಡಾಕ್ಟರ ಹತ್ತಿರ ಹೋಗಬೇಕು. ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿಯ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ಹೋಂವರ್ಕ್‌ಗಳು ನನ್ನಂಥವರಿಗೆ. ಎಲ್ಲ ಇದ್ದೂ ಮುಖ ಗಂಟಿಕ್ಕಿಕೊಂಡವರಿಗೆ.

ಇನ್ನು ಕಾಗದದ ಕಥೆ. ನಿಮಗೆ ದೊಡ್ಡ ಉಪಕಾರ ಮಾಡಿದ, ನೀವು ಯಾವತ್ತೂ ಸರಿಯಾಗಿ ಹೇಳಿಕೊಳ್ಳದ ಒಬ್ಬರಿಗೆ ಕಾಗದ ಬರೆಯಬೇಕು. ಸುಮಾರು 300 ಪದ. ಯಾಕೆ ಬರುತ್ತಿದ್ದೇನೆ ಅಂತ ಮೊದಲೇ ಹೇಳಬಾರದು. ಹೋಗಿ ಎದುರಿಗೆ ಕೂತು ನಿಧಾನವಾಗಿ ಓದಬೇಕು. ನಾನು ಎಲ್ಲದಕ್ಕಿಂತ ಹೆಚ್ಚು ಮುಂದೆ ಹಾಕಿದ್ದು ಇದನ್ನೇ. ನಾಚಿಕೆ. ನಮ್ಮ ಕಡೆ ಮನೆಯವರಿಗೆ ಯಾರು ಹಾಗೆಲ್ಲ ಹೇಳುತ್ತಾರೆ? ಹೇಳಿದರೆ ಪರಕೀಯರ ಹಾಗೆ ಆಡ್ತಾಳೆ ಅನ್ನುತ್ತಾರೆ.

ಆರಿಸಿದ್ದು ನನ್ನ ಸೋದರತ್ತೆಯನ್ನು. ಪಿಯುಸಿ ಓದುವಾಗ ಎರಡು ವರ್ಷ ಅವರ ಮನೆಯಲ್ಲಿದ್ದೆ. ಕಾಗದ ಬರೆದು, ಒಂದು ಶನಿವಾರ ಪಾಂಡವಪುರದಲ್ಲಿ ಇಳಿದು ಆಟೋ ಹಿಡಿದು ವಿ.ಸಿ. ನಾಲೆ ದಾಟಿ ಹೋದೆ. ಅತ್ತೆ ಕೊಟ್ಟಿಗೆಯಲ್ಲಿ ಹಸುವಿಗೆ ಬೂಸ ಕಲಸುತ್ತಿದ್ದರು.

"ಏನವ್ವ, ಫೋನೂ ಮಾಡ್ದೆ ಬಂದ್ಬುಟ್ಟೆ? ಮನೇಲೆಲ್ಲ ಚೆಂದಾಗವ್ರಾ?"

"ಎಲ್ಲ ಚೆನ್ನಾಗಿದ್ದಾರೆ ಅತ್ತೆ. ನಿಂಗೆ ಒಂದು ಕಾಗದ ಓದಬೇಕು ಅಂತ ಬಂದೆ."

"ಕಾಗ್ದವಾ? ಯಾವ ಕೋರ್ಟಿಂದು?"

ಜಗಲಿ ಮೇಲೆ ಕೂರಿಸಿ ಓದಲು ಶುರು ಮಾಡಿದೆ. ಎರಡು ಸಾಲು ಆಗುವಷ್ಟರಲ್ಲಿ ಅತ್ತೆ ಕೈಯ ಬೂಸ ಒರೆಸಿಕೊಳ್ಳುತ್ತಾ ಆಚೆ ನೋಡತೊಡಗಿದರು. ಕರು ಹಗ್ಗ ಬಿಚ್ಚಿಕೊಂಡಿತೇನೋ ಅಂತ ಎದ್ದರು. ಬಿಚ್ಚಿಕೊಂಡಿರಲಿಲ್ಲ. ಮತ್ತೆ ಕೂತರು. ನನ್ನ ಗಂಟಲೂ ಕಟ್ಟಿತು, ಆದರೂ ಓದಿದೆ. ನನ್ನ ಫೀಸಿಗೋಸ್ಕರ ನೀನು ಕರೆಯುವ ಹಸು ಮಾರಿದ್ದು ನಾನು ಮರೆತಿಲ್ಲ ಅನ್ನುವ ಸಾಲು ಬಂತು. ಅಲ್ಲಿ ಅತ್ತೆ ಕೈ ಅಡ್ಡ ಹಿಡಿದರು.

"ನಿಲ್ಸು ನಿಲ್ಸು. ಹಸ ಮಾರಿದ್ದು ನಿನ್ ಫೀಸಿಗಲ್ಲ ಕಣವ್ವ. ಬೋರ್ ಕೊರ್ಸಕ್ಕೆ. ನೀರೂ ಬರ್ಲಿಲ್ಲ ಹಾಳಾದ್ದು. ನಿನ್ ಫೀಸು ಡೈರಿ ಬಟವಾಡೆ ದುಡ್ಡು. ಅದೂ ನಿಮ್ಮಾವಂಗೆ ಗೊತ್ತಿಲ್ದಂಗೆ."

ಆಮೇಲೆ ಕಾಗದ ಮುಂದಕ್ಕೆ ಹೋಗಲೇ ಇಲ್ಲ. ಬಟವಾಡೆ ಬಂದಾಗೆಲ್ಲ ಹತ್ತು ರೂಪಾಯಿ ಹುರುಳಿ ಡಬ್ಬಕ್ಕೆ ಹೋಗುತ್ತಿದ್ದದ್ದು, ಒಂದು ಸಲ ಮಾವ ಹುರುಳಿ ಸಾರು ಮಾಡು ಅಂತ ತಾವೇ ಡಬ್ಬ ತೆಗೆಯಲು ಹೋದದ್ದು, ಅತ್ತೆ ಹುಳ ಬಿದ್ದಿದೆ ಅಂತ ಕಿತ್ತುಕೊಂಡದ್ದು. ಇದ್ಯಾವುದೂ ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ನಾನು ಒಂದು ಹಸುವಿಗೆ ಋಣಿಯಾಗಿದ್ದೆ! ಸಂಜೆವರೆಗೂ ಮಾತಾಡಿದೆವು, ಮುದ್ದೆ ಉಂಡೆ, ಕತ್ತಲಾಗುವ ಮುಂಚೆ ಹೊರಟೆ. ಅತ್ತೆ ಆ ಕಾಗದದ ಬಗ್ಗೆ ಒಂದೇ ಒಂದು ಒಳ್ಳೆಯ ಮಾತು ಆಡಲಿಲ್ಲ.

ಕಾಗದ ಬರೆಯುವವರ ಬಗ್ಗೆ ಅಮಿತ್ ಕುಮಾರ್ ಮತ್ತು ಎಪ್ಲಿ 2018ರಲ್ಲಿ ಒಂದು ಅಧ್ಯಯನ ಮಾಡಿದ್ದಾರೆ. ಪಡೆಯುವವರಿಗೆ ಮುಜುಗರವಾಗುತ್ತದೆ ಅಂತ ಬರೆಯುವವರು ಜಾಸ್ತಿ ಹೆದರುತ್ತಾರೆ, ಅವರಿಗೆ ಆಗುವ ಸಂತೋಷವನ್ನು ಕಡಿಮೆ ಅಂದಾಜು ಮಾಡುತ್ತಾರೆ. ಅತ್ತೆ ವಿಷಯದಲ್ಲಿ ಇದು ಸುಳ್ಳಾಯಿತು ಅಂತಲೇ ಅಂದುಕೊಂಡಿದ್ದೆ. ಮುಂದಿನ ವಾರ ಅತ್ತೆಯ ಸೊಸೆ ಫೋನ್ ಮಾಡಿದಳು. "ಅಕ್ಕಾ, ಏನು ಕೆಲಸ ಮಾಡಿ ಹೋಗಿದ್ದೀರಿ? ನಮ್ಮತ್ತೆ ಬೀದಿಗೆಲ್ಲ ಹೇಳ್ಕೊಂಡು ಬಂದವ್ರೆ, ನಮ್ಮ ಹುಡುಗಿ ನಂಗೆ ಕಾಗ್ದ ಬರ್ಕೊಂಡು ಬಂದಿದ್ಲು ಅಂತ. ಈಗ 'ನೀವ್ಯಾರೂ ಬರೆಯಲ್ಲ' ಅಂತ ನಮಗೆ ದಿನಾ ಮಂಗಳಾರತಿ."

ಸೆಲಿಗ್‌ಮನ್ ತಂಡದ 2005ರ ಅಧ್ಯಯನದಲ್ಲಿ ಕಾಗದ ಓದಿ ಬಂದವರ ಖುಷಿ ಉಳಿದೆಲ್ಲರಿಗಿಂತ ಜೋರಾಗಿ ಏರಿತ್ತು, ತಿಂಗಳವರೆಗೂ ಇತ್ತು, ಮೂರು ತಿಂಗಳಿಗೆ ಇಳಿದುಹೋಗಿತ್ತು. ನನಗೂ ಹೆಚ್ಚುಕಡಿಮೆ ಹಾಗೇ ಆಯಿತು. ಉಳಿದದ್ದು ಫೋನು. ಬಟವಾಡೆ ದಿನ ಅತ್ತೆ ತಾವೇ ಮಾಡುತ್ತಾರೆ, ಹಾಲಿನ ರೇಟಿನಿಂದ ಶುರುಮಾಡಿ ಮಾವನ ಮಂಡಿನೋವಿನವರೆಗೂ ಹೇಳುತ್ತಾರೆ.

ಹೀಗೆ ಒಬ್ಬಳೇ ಕೂತು ಮಾಡುವ ಹೋಂವರ್ಕ್‌ಗಳು ಪುಸ್ತಕವೊಂದನ್ನು ಬಿಟ್ಟು ಒಂದೊಂದಾಗಿ ನಿಂತುಹೋದವು. ಧ್ಯಾನದ ಆಪ್ ಮೊಬೈಲಿನಲ್ಲಿ ಹಾಗೇ ಬಿದ್ದಿದೆ. ಭಾನುವಾರದ ಪುಸ್ತಕ, ರೈಲಿನ ಮಾತು, ಕಾಗದ ಇಷ್ಟು ನಡೆಯುತ್ತಿದೆ. ಇತ್ತೀಚೆಗೆ ಆ ಐದು ವಾಕ್ಯಕ್ಕೆ ಮತ್ತೆ ಅಂಕ ಹಾಕಿದೆ, 24 ಬಂತು. ಈ ಸಲ ಯಜಮಾನರು ಪಕ್ಕದಲ್ಲಿರಲಿಲ್ಲ.

ಮುಂದಿನ ಕಾಗದ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ. ರಿಟೈರ್ ಆಗಿ ಮದ್ದೂರಿನಲ್ಲಿದ್ದಾರೆ. ಕರಡು ಮುಗಿದಿದೆ, ಆದರೆ ಅವರ ಕೈಗೆ ಕೊಟ್ಟರೆ ಮೊದಲು ಒತ್ತಕ್ಷರ ನೋಡುತ್ತಾರೆ. ಅದಕ್ಕೇ ತಿದ್ದಿಕೊಡು ಅಂತ ಮಗಳಿಗೆ ಕಳಿಸಿದ್ದೇನೆ. ಅವಳು ಇಂಗ್ಲಿಷ್ ಮೀಡಿಯಂ. ಏನಾಗುತ್ತದೋ ನೋಡಬೇಕು.